ಅಣ್ಣನ ಜೇಬಿನ ಶಾರ್ಪನರ್

ಸಾಂಗಲಿ, ಮಿರಜ ಎರಡೂ ಊರುಗಳಲ್ಲಿ ಮೊಂಡಾದ ವಸ್ತು ಒಂದೂ ಉಳಿಯಬಾರದೆಂದು ಹಟ ತೊಟ್ಟವನು ಯಾರಾದರೂ ಇದ್ದರೆ ಅವನು ನಮ್ಮಣ್ಣ! ಕತ್ತರಿ, ಕುಡುಗೋಲು, ಇಳಿಗೆ, ಯಾವುದೂ ಅವನ ಕೈಯಿಂದ ಪಾರಾಗಿಲ್ಲ. ಪಾರಾದದ್ದು ಅವನ ತಂಗಿಯ, ಅಂದರೆ ನನ್ನ, ಬುದ್ಧಿ ಒಂದೇ. ಆ ಕಥೆಗೆ ಆಮೇಲೆ ಬರುತ್ತೇನೆ. ಬರದೆ ನನಗೂ ಗತಿಯಿಲ್ಲ.

ಅಣ್ಣ ಇರುವುದು ಮಿರಜದ ಹತ್ತಿರದ ಬೇಡಗ ಎಂಬ ಹಳ್ಳಿಯಲ್ಲಿ. ದ್ರಾಕ್ಷಿ ತೋಟಗಳಲ್ಲಿ ಚಾಟನಿ ಮಾಡುತ್ತಾನೆ, ಅಂದರೆ ಬಳ್ಳಿಯ ಬೇಡದ ಕಡ್ಡಿಗಳನ್ನು ಕತ್ತರಿಸುವ ಕೆಲಸ. ಮೊದಲೆಲ್ಲ ಕತ್ತರಿಯನ್ನು ಕಲ್ಲಿಗೆ ತಿಕ್ಕುತ್ತಿದ್ದ. ಒಂದು ದಿನ ಮಿರಜದ ಪೇಟೆಯಿಂದ ಅಂಗೈಯಲ್ಲಿ ಹಿಡಿಯುವಂಥ, ಹಳದಿ ಹಿಡಿಕೆಯ ಶಾರ್ಪನರ್ ಒಂದನ್ನು ತಂದ. ಶಾರ್ಪನರ್! ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಗೊತ್ತಿದ್ದದ್ದು ಪೆನ್ಸಿಲಿನದು ಮಾತ್ರ.

“ಈ ವಯಸ್ಸಿನ್ಯಾಗ ಸಾಲಿಗೆ ಹೊಂಟೀಯೇನಪಾ?” ಎಂದು ಕೇಳಿಯೇ ಬಿಟ್ಟೆ.

ಅಂದಿನಿಂದ ಅದು ಅವನ ಜೇಬಿನಲ್ಲಿ ಬೀಡಿಕಟ್ಟಿನ ಜಾಗ ಹಿಡಿಯಿತು. ಬೀಡಿಯನ್ನು ಓಡಿಸಿದ ಉಪಕಾರಕ್ಕೆ ನಮ್ಮ ವೈನಿ, ಅವನ ಹೆಂಡತಿ, ದಸರೆಯಲ್ಲಿ ಅದಕ್ಕೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗುತ್ತಾಳೆ!

ಅವನು ಕತ್ತರಿಗೆ ಧಾರ ಹಚ್ಚುವುದನ್ನು, ಅಂದರೆ ಹರಿತ ಮಾಡುವುದನ್ನು, ನೋಡಬೇಕು ನೀವು. ಮೊದಲು ಬೂದಿ ಹಾಕಿ ತಿಕ್ಕಿ ಅಂಟು ತೆಗೆಯುತ್ತಾನೆ. ಆಮೇಲೆ ಅಲಗಿಗೆ ಇಳಿಜಾರು ಇರುವ ಕಡೆ ಮಾತ್ರ, ಬುಡದಿಂದ ತುದಿಗೆ, ಒಂದೇ ದಿಕ್ಕಿನಲ್ಲಿ ಎಳೆಯುತ್ತಾನೆ. ಹಿಂದಕ್ಕೆ ಮುಂದಕ್ಕೆ ಉಜ್ಜುವವರನ್ನು ಕಂಡರೆ ಅವನ ಮೈ ಉರಿಯುತ್ತದೆ. “ಹಲ್ಲ ತಿಕ್ಕಾಕತ್ತೀಯೇನಲೇ?” ಎಂದು ಗದರುತ್ತಾನೆ. ಕೊನೆಗೆ ತಿರುಗಣಿಗೆ ಎರಡು ಹನಿ ಕೊಬ್ಬರಿ ಎಣ್ಣೆ. ಪರೀಕ್ಷೆಗೆ ಪೇಪರು ಬೇಕು. ನಮ್ಮ ಯಜಮಾನರು ಇನ್ನೂ ಓದಿರದ ಪೇಪರೇ ಆಗಬೇಕು!

ಒಮ್ಮೆ ಮಿರಜ ಸ್ಟೇಶನ್ನಿನ ಹೊರಗೆ ಎಳನೀರು ಕುಡಿಯಲು ನಿಂತೆವು. ಮಾರುವ ಮುದುಕ ಕೊಯ್ತಾ ಎಂಬ ಮಚ್ಚಿನಿಂದ ಕಾಯಿಯನ್ನು ಕುಟ್ಟುತ್ತಲೇ ಇದ್ದ. ಅಣ್ಣನಿಗೆ ತಡೆಯಲಾಗಲಿಲ್ಲ.

“ಕಾಕಾ, ಕಾಯಿ ಕಡಿಯಾಕತ್ತೀರೋ, ಬಡಿಯಾಕತ್ತೀರೋ? ತರ್ರಿ ಇಲ್ಲೆ.”

ಹಳದಿ ಹಿಡಿಕೆ ಹೊರಗೆ ಬಂತು. ಸರ್, ಸರ್, ಸರ್! ಕೊಯ್ತಾ ಫಳಫಳ! ಮುದುಕ ಹಳೆಯ ಅಭ್ಯಾಸದಂತೆ ಮೈಯೆಲ್ಲ ಬಲ ಹಾಕಿ ಒಂದು ಏಟು ಕೊಟ್ಟ ನೋಡಿ, ಕಾಯಿ ಎರಡು ಹೋಳಾಗಿ, ನೀರೆಲ್ಲ ನನ್ನ ಹೊಸ ಸೀರೆಯ ಮೇಲೆ!

ಮುದುಕ ಗಾಬರಿಯಾದನೇ? ಎಲ್ಲಿಯದು! “ನೀರು ನಿಮಗ ಮುಟ್ಟೈತೆಲ್ರಿ ಅಕ್ಕಾರ, ರೊಕ್ಕ ಕೊಡ್ರಿ,” ಎಂದ.

ನನ್ನ ಮೊಮ್ಮಗನ ಹುಟ್ಟುಹಬ್ಬದಲ್ಲಿ ಕೇಕಿನ ಜೊತೆ ಪ್ಲಾಸ್ಟಿಕ್ ಚಾಕು ಬಂದಿತ್ತು. ಅಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಶಾರ್ಪನರಿನಲ್ಲಿ ಒಂದು ಸಲ ಎಳೆದೂ ನೋಡಿದ. ಅರ್ಧ ಚಾಕು ಪುಡಿಯಾಗಿ ಉದುರಿತು. “ಇದರ ಜನ್ಮ ದಂಡ,” ಎಂದು ಚೀಲದಿಂದ ಚಾಟನಿ ಕತ್ತರಿ ತೆಗೆದು ತೊಳೆದು, ಕೂಸಿನ ಕೈಗೆ ಕೊಟ್ಟು, ತಾನೂ ಹಿಡಿದು ಕೇಕು ಕಡಿಸಿದ. ಫೋಟೋ ನೋಡಿದವರು ಇವತ್ತಿಗೂ ಕೇಳುತ್ತಾರೆ, ಆ ಕೇಕಿನಲ್ಲಿ ದ್ರಾಕ್ಷಿ ಎಷ್ಟು ಬಿಟ್ಟವು ಎಂದು!

ಇಷ್ಟೆಲ್ಲ ನಗಿಸಿದವನಿಗೆ ನಾನು ಏನು ಮಾಡಿದೆ? ಕೇಳಿ.

ನಮ್ಮ ಯಜಮಾನರು ಕುಪವಾಡ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಹೋದ ವರ್ಷ ಸಾಂಗಲಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡೆವು. ಬಾಲ್ಕನಿಯಲ್ಲಿ ಗುಲಾಬಿ ಇಟ್ಟೆ. ಗುಲಾಬಿಯ ಕತ್ತರಿ ಹರಿತ ಮಾಡಲು ಅಣ್ಣನನ್ನು ಕರೆದೆ. ಅವನು ಮೇಲೆ ಬರುವ ಮೊದಲೇ ಗೇಟಿನ ಹತ್ತಿರ ಮಾಲಿಯ ಕತ್ತರಿ ಕಣ್ಣಿಗೆ ಬಿತ್ತು. ಆಯಿತಲ್ಲ! ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ನಾನು ನನ್ನ ಕತ್ತರಿಯನ್ನೂ ಹಿಡಿದು ಕೆಳಗಿಳಿದೆ. ಅಲ್ಲಿ ಎಲ್ಲರೂ ಬಾಯಿ ಎಂದು ಕರೆಯುವ ಮೇಲಿನ ಮಹಡಿಯ ಮನೆಯಾಕೆ ಮತ್ತು ಇನ್ನಿಬ್ಬರು ಹೆಂಗಸರು ನಿಂತಿದ್ದರು. ಕಾಲೇಜು ಓದಿದವರು. ಅವರ ಮಾತಿನ ನಡುವೆ ನನಗೆ ಆಗಷ್ಟೇ ಜಾಗ ಸಿಕ್ಕಿತ್ತು.

ಇವನು ಯಾರು, ನಿಮ್ಮ ಪರಿಚಯದವನೇ, ಎಂದು ಬಾಯಿ ಮರಾಠಿಯಲ್ಲಿ ಕೇಳಿದಳು.

ನಾನು ಅಣ್ಣನ ಧೋತರದ ಮೇಲಿನ ಕಲೆ ನೋಡಿದೆ. “ನಾಹೀ ಹೋ, ಧಾರ ಲಾವಣಾರಾ ಆಹೇ,” ಎಂದೆ. ಇಲ್ಲ, ಧಾರ ಹಚ್ಚುವವನು.

ಅಣ್ಣನಿಗೆ ನನಗಿಂತ ಚೆನ್ನಾಗಿ ಮರಾಠಿ ಬರುತ್ತದೆ. ತಲೆಯೆತ್ತಿ ನನ್ನನ್ನು ನೋಡಿದ. ಒಂದೇ ಗಳಿಗೆ. ಆಮೇಲೆ ಜೋರಾಗಿ, ಮನೆಯಲ್ಲಿ ಮೊಂಡಾದದ್ದು ಏನಿದ್ದರೂ ತನ್ನಿರಿ ಬಾಯೀ ಎಂದು ಕೂಗು ಹಾಕಿದ! ಚಾಕು ಬಂದವು, ಇಳಿಗೆ ಬಂದವು, ಯಾರದೋ ಗಂಡನ ಉಗುರು ಕತ್ತರಿಯೂ ಬಂತು. ಎಲ್ಲಕ್ಕೂ ಧಾರ ಹಚ್ಚಿದ. ಕೊನೆಗೆ ನನ್ನ ಕತ್ತರಿ. ಎರಡೂ ಕೈಯಲ್ಲಿ ಹಿಡಿದು ನೀಡಿದ.

“ಘ್ಯಾ, ಬಾಯಿಸಾಹೇಬ.” ತೆಗೆದುಕೊಳ್ಳಿ, ಅಮ್ಮಾವರೇ.

ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು! ಮೇಲೆ ನಾನು ಮಾಡಿಟ್ಟ ಚಹಾ ಕೆನೆಗಟ್ಟಿತು. ಅವನು ಬೇಡಗದ ಬಸ್ಸು ಹಿಡಿದಿದ್ದ.

ಆಮೇಲೆ ಬರಲೇ ಇಲ್ಲ. ಫೋನ್ ಮಾಡಿದರೆ ಚಾಟನಿ ಹಂಗಾಮು ಎನ್ನುತ್ತಿದ್ದ. ಹಂಗಾಮು ಮುಗಿದ ಮೇಲೆ, “ನಿನ್ನ ಕತ್ತರಿಗಿ ಇನ್ನ ಧಾರ ಐತೆಲ್ಲ. ಸುಮ್ನ ಯಾಕ ಬರ್ಲಿ?” ಎಂದ.

ಧಾರ ಇತ್ತು! ಅದೇ ತೊಂದರೆ! ಅಣ್ಣ ಹಚ್ಚಿದ ಧಾರ ಸುಲಭಕ್ಕೆ ಹೋಗುತ್ತದೆಯೇ? ಗುಲಾಬಿಯನ್ನೆಲ್ಲ ಬೋಳು ಮಾಡಿದೆ, ಹೋಗಲಿಲ್ಲ. ಒಣಗಿದ ದಾಸವಾಳದ ಬೊಡ್ಡೆ ಕಡಿದೆ, ಹೋಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಸಿಟ್ಟಿಗೆದ್ದು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ತಂತಿಗೇ ಕತ್ತರಿ ಹಾಕಿದೆ. ಯಜಮಾನರ ಬನಿಯನ್ನುಗಳು ಕೆಳಗಿನ ಮನೆಯವರ ಹಪ್ಪಳದ ಮೇಲೆ ಹೋಗಿ ಬಿದ್ದವು. ಬೀಳಲಿ! ನಾನು ಕುಣಿಯುತ್ತ ಫೋನ್ ಮಾಡಿದೆ.

“ಅಣ್ಣಾ! ಕತ್ತರಿ ಮೊಂಡ ಆತು!”

ಮರುದಿನ ಬೆಳಿಗ್ಗೆಯೇ ಅವನ ಫೋನ್ ಬಂತು. “ಗೇಟಿಗಿ ಬಂದೇನಿ. ಮಾಲಿ ಕೈಯಾಗ ಕತ್ತರಿ ಕೊಟ್ಟ ಕಳಸು.”

ಮೇಲೆ ಬರಲೊಲ್ಲ! ನನ್ನ ಮರ್ಯಾದೆ ಕಾಯುವುದಕ್ಕೆ ಕೆಳಗೇ ಕೂತಿದ್ದಾನೆ! ನಾನು ಬರಿಗಾಲಲ್ಲೇ ಓಡಿದೆ.

ಅಣ್ಣ ಕತ್ತರಿಯನ್ನು ಬೆಳಕಿಗೆ ಹಿಡಿದ. ಅಲಗಿನ ನಡುವೆ ಅರ್ಧಚಂದ್ರದಂಥ ಕಚ್ಚು.

“ಏನ ಕಡದೀ?”

“ಗುಲಾಬಿ ಟೊಂಗಿ.”

“ಯಾವ ಜಾತಿ ಗುಲಾಬಿ ಅದು, ಕಬ್ಬಿಣದ್ದು?”

ಅಷ್ಟರಲ್ಲಿ ಮೇಲಿನ ಮಹಡಿಯ ಬಾಯಿ ಚಾಕುಗಳನ್ನು ಹಿಡಿದು ಬಂದಳು. ಧಾರವಾಲಾ ಬಂದನಲ್ಲ, ಎಂದಳು.

“ಹೇ ಮಾಝೇ ಭಾವೂ ಆಹೇತ,” ಎಂದೆ. ಇವರು ನನ್ನ ಒಡಹುಟ್ಟಿದ ಅಣ್ಣ, ಅವತ್ತು ನಾನು ಸುಳ್ಳು ಹೇಳಿದೆ, ಎಂದೂ ಸೇರಿಸಿದೆ.

ಆಕೆ ಮೊದಲೇ ಹೇಳಬಾರದೇ ಎಂದು ನಕ್ಕು, ಅಣ್ಣನಿಗೆ ನಮಸ್ಕಾರ ಮಾಡಿ, ಚಾಕುಗಳನ್ನೂ ಅವನ ಮುಂದೆ ಇಟ್ಟಳು! ಇಷ್ಟಕ್ಕೇ ನಾನು ಅಷ್ಟು ಹೆದರಿದ್ದೆ.

ಅಣ್ಣ ತಲೆಯೆತ್ತಲಿಲ್ಲ. ನನ್ನ ಕತ್ತರಿಯನ್ನು ಬುಡದಿಂದ ತುದಿಗೆ ಎಳೆಯುತ್ತಲೇ ಇದ್ದ. ಪೇಪರು ಕೇಳುವುದನ್ನೂ ಮರೆತಿದ್ದ. ಕೊನೆಗೆ ಕಚ್ಚಿನ ಮೇಲೆ ಹೆಬ್ಬೆರಳು ಆಡಿಸಿದ.

“ಇದು ಪೂರಾ ಹೋಗಂಗಿಲ್ಲ, ತಂಗಿ. ಇರ್ಲಿ ಬಿಡು. ಟೊಂಗಿ ಕಡೀತೈತಿ.”

ಧೋತರಕ್ಕೆ ಕೈ ಒರೆಸಿಕೊಂಡು, ನಮ್ಮ ಬಾಲ್ಕನಿಯ ಕಡೆ ಕತ್ತೆತ್ತಿ ನೋಡಿ ಎದ್ದ.

“ನಡಿ, ಮ್ಯಾಲೆ ಹೋಗೂಣು. ಚಹಾ ಮಾಡು. ಮೊದಲ ಆ ತಂತಿ ಕಟ್ಟಿ ಕೊಡ್ತೇನಿ.”