ಓರೆಗಣ್ಣಿನ ಓದು

ಗುರುವಾರ ಬಂತೆಂದರೆ ನನ್ನ ಗಂಟಲು ಒಣಗುತ್ತಿತ್ತು. ಅಂದು ವಾರಪತ್ರಿಕೆ ಬರುತ್ತದೆ. ಅದರ ಧಾರಾವಾಹಿಯನ್ನು ನಾನು ನನ್ನ ಧರ್ಮಪತ್ನಿ ಮೂಕಾಂಬಿಕೆಗೆ ಗಟ್ಟಿಯಾಗಿ ಓದಿ ಹೇಳಬೇಕು. ಮೂವತ್ತು ವರ್ಷ ವಿಟ್ಲದ ಮಕ್ಕಳಿಗೆ ಕನ್ನಡ ಕಲಿಸಿದ ಟೀಚರು ಅವಳು. ಎರಡು ವರ್ಷದಿಂದ ಕಣ್ಣು ಕೈಕೊಟ್ಟಿದೆ: ನೇರ ನೋಡಿದ್ದೆಲ್ಲ ಮಸುಕು, ಸುತ್ತಲಿನ ಅಂಚು ಮಾತ್ರ ಕಾಣುತ್ತದೆ. ಓದಲಾಗದೆ ಅವಳು ಅತ್ತದ್ದನ್ನು ನೋಡಿ ನನಗೂ ಸಂಕಟವಾಗಿತ್ತು. (ಸಂಕಟ ಬೇರೆ, ಸೋಮಾರಿತನ ಬೇರೆ. ಎರಡೂ ನನ್ನೊಳಗೆ ಅನ್ಯೋನ್ಯವಾಗಿ ಬಾಳುತ್ತವೆ.)

ಧಾರಾವಾಹಿಯ ನಾಯಕಿ ವಸುಂಧರೆ ಅತ್ತೆಯ ಕಾಟಕ್ಕೆ ವಾರಕ್ಕೆರಡು ಪುಟ ಅಳುತ್ತಿದ್ದಳು. ಅಷ್ಟನ್ನೂ ಓದಿ ಮುಗಿಸುವಾಗ ಪೇಟೆಯ ಅಬ್ದುಲ್ಲರ ಅಂಗಡಿಯಲ್ಲಿ ಗೆಳೆಯರ ಹರಟೆ, ಪಟ್ಟಾಂಗ ಎಲ್ಲ ಮುಗಿದಿರುತ್ತಿತ್ತು. ಒಂದು ಗುರುವಾರ ತಡೆಯಲಾರದೆ, ಓದುವಂತೆ ನಟಿಸುತ್ತ ನಾನೇ ಕತೆ ಕಟ್ಟಿ ವಸುಂಧರೆಯನ್ನು ದುಬೈ ವಿಮಾನ ಹತ್ತಿಸಿಬಿಟ್ಟೆ. ಮುಂದಿನ ವಾರ ಅಲ್ಲಿ ಹೋಟೆಲು ತೆರೆಸಿದೆ. ಮೂರನೆಯ ವಾರ “ಮುಗಿಯಿತು” ಎಂದು ಪತ್ರಿಕೆ ಮಡಚಿದೆ.

“ಇಷ್ಟು ಬೇಗವೋ?” ಎಂದಳು.

“ಬರೆಯುವವರಿಗೆ ಏನು ಅವಸರವೋ” ಎಂದು ಚಪ್ಪಲಿ ಮೆಟ್ಟಿದೆ.

ಆದರೆ ಅವಳು ಕಪಾಟಿನ ಹಳೆಯ ಕಾದಂಬರಿಗಳನ್ನು ಹೊರಗೆ ತೆಗೆಸಿದಳು. ಅಷ್ಟನ್ನೂ ಓದಿ ಹೇಳಬೇಕಾದವನು ನಾನೇ. ಕಣ್ಣಿನ ಅಂಚಿನಿಂದಲೇ ಓದಲು ಮೂಡುಬಿದಿರೆಯಲ್ಲಿ ಕಲಿಸುತ್ತಾರೆಂದು ಯಾರೋ ಹೇಳಿದ್ದು ಆಗ ನೆನಪಾಯಿತು. ಮರುದಿನವೇ ಅವಳನ್ನು ಬಸ್ಸು ಹತ್ತಿಸಿದೆ.

ಅಲ್ಲಿ ಕಲಿಸುವ ಹುಡುಗಿ ಶುಭಶ್ರೀ ಹೇಳಿದಳು, “ಅಕ್ಷರವನ್ನು ನೋಡ್ಬೇಡಿ ಟೀಚರೇ. ಅದರ ಸ್ವಲ್ಪ ಮೇಲೆ ನೋಡಿ. ಅಕ್ಷರ ತನ್ನಷ್ಟಕ್ಕೆ ಕಾಣ್ತದೆ.”

“ಪುಸ್ತಕ ನೋಡಿ ಓದು ಅಂತ ಎಷ್ಟು ಮಕ್ಕಳಿಗೆ ಬೈದಿದ್ದೇನೆ ಮಾರಾಯ್ತಿ” ಎಂದಳು ಮೂಕಾಂಬಿಕೆ.

ಎರಡು ತಿಂಗಳು ಸಾಬೂನಿನ ಪೊಟ್ಟಣ, ಮದುವೆ ಕಾಗದ, ಅಂಗಡಿ ಬೋರ್ಡು ಎಲ್ಲದರ ಮೇಲೂ ಅಭ್ಯಾಸ ನಡೆಯಿತು. ನನ್ನ ಮುಖ ಕಾಣಬೇಕಾದರೆ ಅವಳು ನನ್ನ ತಲೆಯ ಮೇಲಿನ ಗೋಡೆ ನೋಡತೊಡಗಿದಳು. (ಅವಳು ಗೋಡೆ ನೋಡುತ್ತಿದ್ದಾಳೆಂದು ಬೆಲ್ಲದ ಡಬ್ಬಿಗೆ ಕೈಹಾಕಿ ಸಿಕ್ಕಿಬಿದ್ದ ಸಕ್ಕರೆ ಕಾಯಿಲೆಯವನು ನಾನೇ.) ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ ಒಂದು ದಿನ ಅವಳು ಬಸ್ಸಿನ ಬೋರ್ಡಿನ ಮೇಲಕ್ಕೆ ಕಣ್ಣು ನೆಟ್ಟು “ಬೆಳ್ತಂಗಡಿ” ಎಂದು ಓದಿದಾಗ ನನಗೆ ನಿಜವಾಗಿ ಕಣ್ಣು ತುಂಬಿತು.

ಆ ಗುರುವಾರ ನಾನು ಸ್ವತಂತ್ರ ಪುರುಷನಾಗಿ ಅಬ್ದುಲ್ಲರಲ್ಲಿ ಮಧ್ಯಾಹ್ನದವರೆಗೆ ಕುಳಿತು ಬಂದೆ. ಮನೆಯಲ್ಲಿ ಮೂಕಾಂಬಿಕೆಯ ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ವಾರಪತ್ರಿಕೆ. ಅವಳು ಬಾಗಿಲ ಮೇಲಿನ ಚೌಕಟ್ಟನ್ನು ದಿಟ್ಟಿಸಿದಳು. ಅಂದರೆ ನನ್ನನ್ನೇ.

“ವಸುಂಧರೆ ಇಲ್ಲಿ ಇನ್ನೂ ಪಾತ್ರೆ ತೊಳೆಯುತ್ತಾ ಅಳ್ತಾ ಇದ್ದಾಳೆ. ದುಬೈಯಿಂದ ಯಾವಾಗ ಬಂದದ್ದು?”

“ವೀಸಾ ಮುಗಿದಿರಬೇಕು” ಎಂದೆ.

ಅವಳು ಪತ್ರಿಕೆ ಮಡಚಿ ಬದಿಗಿಟ್ಟಳು. ಇವತ್ತು ಊಟ ಇಲ್ಲ ಎಂದೇ ನಾನು ನಿಶ್ಚಯಿಸಿದೆ.

“ಈ ಅಳುಬುರುಕಿ ನನಗೆ ಬೇಡ” ಎಂದಳು ಕೊನೆಗೆ. “ನಿಮ್ಮ ವಸುಂಧರೆಯೇ ಚೆನ್ನಾಗಿದ್ದಳು. ಹೋಟೆಲು ತೆರೆದ ಮೇಲೆ ಏನಾಯ್ತು, ಬರೆಯಿರಿ. ಅಕ್ಷರ ದೊಡ್ಡದಿರಲಿ. ಓದುವುದು ನಾನೇ.”

ಹೀಗೆ ಓದುವ ಕಷ್ಟದಿಂದ ನಾನು ಪಾರಾದೆ. ಈಗ ಬುಧವಾರವಿಡೀ ಕೂತು, ಒಂದೊಂದು ಅಕ್ಷರವೂ ಹಲಸಿನ ಬೀಜದಷ್ಟಿರುವಂತೆ, ಇಪ್ಪತ್ತು ಹಾಳೆ ಬರೆಯುತ್ತೇನೆ. ಗುರುವಾರ ಅವಳು ಕೆಂಪು ಪೆನ್ನು ಹಿಡಿದು ಓದುತ್ತಾಳೆ. ಕಳೆದ ವಾರ ಹತ್ತರಲ್ಲಿ ನಾಲ್ಕು ಅಂಕ ಕೊಟ್ಟು, ಕೆಳಗೆ “ಅವಸರದ ಕೆಲಸ, ಪುನಃ ಬರೆಯಿರಿ” ಎಂದು ಷರಾ ಹಾಕಿದ್ದಾಳೆ.