ಏಳನೇ ಬಾಟಲಿಯ ಸಾರು

ಎಲ್ಲಕ್ಕೂ ಮೂಲ ಒಂದು ಚಮಚ ಮಿಸೊ, ಸಾರಿಗೆ ಕದಡುವ ಸೋಯಾ ಕಾಳಿನ ಉಪ್ಪುಮುದ್ದೆ. ಚಮಚ ಒಂದೇ, ಆದರೆ ಗುಡ್ಡದ ಹಾಗೆ ತುಂಬಿದ್ದು.

ಮೊಮೊಸೆ ಕುನಿಯೊಗೆ ಐವತ್ತೆಂಟು ವರ್ಷ. ಕೈಗಡಿಯಾರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷದಿಂದ ಅಳತೆ ನೋಡುವ ಕೆಲಸ. ಹಲ್ಲುಚಕ್ರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪಕ್ಕಕ್ಕೆ ಎತ್ತಿಡುವ ಮನುಷ್ಯ. ಆದರೆ ಮನೆಯ ಒಲೆಯ ಮುಂದೆ ನಿಂತರೆ ಆ ಕೈಗೆ ಅಳತೆಯೇ ಮರೆತುಹೋಗುತ್ತಿತ್ತು.

ಹೆಂಡತಿ ಸಚಿಯೆ ಬೆಳಿಗ್ಗೆ ಮಿಸೊ ಸಾರು ಮಾಡಿಟ್ಟು, ಪುಟ್ಟ ಬಟ್ಟಲಲ್ಲಿ ಅನ್ನ ಹಿಡಿದು, ಒಳಕೋಣೆಯಲ್ಲಿದ್ದ ಹಿರಿಯರ ಮಂಟಪದ ಮುಂದೆ ಕೂರುತ್ತಾಳೆ. ಟಿಂಗ್ ಎಂದು ಗಂಟೆ ಕೇಳಿಸುತ್ತದೆ. ಕೂಡಲೇ ಕುನಿಯೊ ಎದ್ದು ಪಾತ್ರೆಯ ಮುಚ್ಚಳ ತೆಗೆದು, ಒಂದು ಚಮಚ ಮಿಸೊ ಹಾಕಿ, ಎರಡು ಸುತ್ತು ಕಲಕಿ, ಮುಚ್ಚಳ ಮುಚ್ಚುತ್ತಾನೆ. ಅವಳು ಬರುವಷ್ಟರಲ್ಲಿ ಪೇಪರ್ ಓದುತ್ತಿರುತ್ತಾನೆ.

ಇದು ಆಗಸ್ಟ್‌ನಿಂದ ನಡೆದುಬಂದದ್ದು. ಕಾರ್ಖಾನೆಯ ತಪಾಸಣೆಯಲ್ಲಿ ಅವನ ರಕ್ತದೊತ್ತಡ ನೂರ ಅರವತ್ತೆರಡು ಬಂದ ದಿನದಿಂದ ಸಚಿಯೆಯ ಸಾರು ಚಾಪ್‌ಸ್ಟಿಕ್ ತೊಳೆದ ನೀರಿನ ಹಾಗೆ ಆಗಿಹೋಗಿತ್ತು. ಪಾಪ, ಅವನು ತಾನೇ ಏನು ಮಾಡಿಯಾನು? ವಿಚಿತ್ರವೆಂದರೆ ಜನವರಿಯಲ್ಲಿ ನೋಡಿದಾಗ ಒತ್ತಡ ನೂರ ಮೂವತ್ತಾರಕ್ಕೆ ಇಳಿದಿತ್ತು. “ಏನ್ ಮಾಡಿದ್ರಿ?” ಎಂದು ಡಾಕ್ಟರು ಕೇಳಿದ್ದಕ್ಕೆ ಅವನು ಎದೆಯುಬ್ಬಿಸಿ, “ವಾಕಿಂಗ್” ಎಂದಿದ್ದ. ಅವನ ವಾಕಿಂಗ್ ಎಂದರೆ ಬೀದಿ ಮೂಲೆಯಲ್ಲಿ ನಾಣ್ಯ ಹಾಕಿದರೆ ಕಾಫಿ ಕೊಡುವ ಯಂತ್ರದವರೆಗೆ.

ಸಾರು ಹೋದರೆ ಹೋಗಲಿ, ಅವನ ಜೀವವಿದ್ದದ್ದು ಹಿತ್ತಿಲ ಬಾಗಿಲ ಬಳಿಯ ಪೀಪಾಯಿಯಲ್ಲಿ. ನವೆಂಬರ್‌ನಲ್ಲಿ ತೊಳೆದು ಉಪ್ಪು ಹಾಕಿಟ್ಟ ನೊಜಾವಾನಾ ಸೊಪ್ಪು, ಅದರ ಮೇಲೆ ಅವನಮ್ಮ ಹೊಳೆಯಿಂದ ಆರಿಸಿ ತಂದ ಕಲ್ಲು. ಚಳಿಯಲ್ಲಿ ಮೇಲಿನ ಮಂಜಿನ ಪದರ ಒಡೆದು ಒಂದು ಹಿಡಿ ಎಳೆದು ತಿಂದರೆ ಕರುಂ ಕರುಂ ಎನ್ನುವ ಸದ್ದಿಗೇ ಅರ್ಧ ಹೊಟ್ಟೆ ತುಂಬುತ್ತಿತ್ತು.

ಆ ಪೀಪಾಯಿಗೇ ಈಗ ಕುತ್ತು ಬಂದಿತ್ತು. ಈ ವರ್ಷ ಕೇರಿಯ ಆರೋಗ್ಯ ಪ್ರತಿನಿಧಿಯ ಸರದಿ ಸಚಿಯೆಯದು. ಮನೆಮನೆಯ ಸಾರಿನಲ್ಲಿ ಉಪ್ಪೆಷ್ಟಿದೆ ಎಂದು ಅಳೆಯುವ ಕಾರ್ಯಕ್ರಮ ಗೊತ್ತಾದಾಗ ಅವಳು ಸಭೆಯಲ್ಲಿ ಎದ್ದು ನಿಂತು, “ನಮ್ಮನೆ ಸಾರಲ್ಲಿ ಉಪ್ಪು ನೂರಕ್ಕೆ ಪಾಯಿಂಟ್ ಎಂಟು ದಾಟಿದ್ರೆ ನಮ್ಮ ಉಪ್ಪಿನಕಾಯಿ ಪೀಪಾಯಿನ ಅತಿ ಕಡಿಮೆ ಉಪ್ಪು ತಿನ್ನೋ ಮನೆಗೆ ಕೊಟ್ಬಿಡ್ತೀನಿ” ಎಂದಿದ್ದಳು. ಇಪ್ಪತ್ತೆಂಟು ಮನೆಯವರೂ ಚಪ್ಪಾಳೆ ತಟ್ಟಿದರು. ಹಿಂದೆ ತೂಕಡಿಸುತ್ತಿದ್ದ ಕುನಿಯೊ ಬೆಚ್ಚಿ ಎದ್ದು, ಎಲ್ಲರೂ ತಟ್ಟುತ್ತಿದ್ದಾರಲ್ಲ ಎಂದು ತಾನೂ ತಟ್ಟಿದ. ಯಾತಕ್ಕೆ ತಟ್ಟಿದೆ ಎಂದು ಗೊತ್ತಾದದ್ದು ಮನೆಗೆ ಬಂದ ಮೇಲೆ.

ಆ ಅಳತೆ ಮುಂದಿನ ಭಾನುವಾರ ಎಂದು ಅವನು ತಿಳಿದಿದ್ದ. ಈ ಭಾನುವಾರವೂ ಎಂದಿನ ಹಾಗೆ ಗಂಟೆ ಟಿಂಗ್ ಎಂದಿತು, ಚಮಚ ಬಿತ್ತು. ಊಟ ಮುಗಿದು ಅವನು ಬಾಯಿ ಒರೆಸಿಕೊಳ್ಳುತ್ತಿರುವಾಗ ಸಚಿಯೆ ಸೌಟಿನಿಂದ ಸಾರನ್ನು ತಳದವರೆಗೆ ಕಲಕಿ ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲಿಗೆ ತುಂಬಿದಳು. ಮುಚ್ಚಳದ ಮೇಲೆ ಏಳು ಎಂದು ಬರೆದಿತ್ತು.

“ಅದೇನು?” ಎಂದ.

“ಇವತ್ತೇ ಅಲ್ವೇನ್ರಿ ಅಳತೆ! ನಾನು ಮುಂಚೆ ಹೋಗಿ ಬೆಂಚು ಜೋಡಿಸ್ಬೇಕು. ನೀವು ಹತ್ತು ಗಂಟೆಗೆ ಇದನ್ನ ಸಮುದಾಯ ಭವನಕ್ಕೆ ತನ್ನಿ. ಚೆಲ್ಲಬೇಡಿ.”

ಅವಳು ಕೆಟಲಿನಲ್ಲಿ ಉಳಿದಿದ್ದ ನೀರಿನಲ್ಲೇ ಪಾತ್ರೆ ತೊಳೆದು ಕವುಚಿ ಹಾಕಿ ಹೊರಟೇಬಿಟ್ಟಳು. ಕುನಿಯೊ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಈರುಳ್ಳಿ ಸೊಪ್ಪಿನ ಚೂರೊಂದು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನಿಶ್ಚಿಂತೆಯಿಂದ ತೇಲುತ್ತಿತ್ತು.

ಮೊದಲು ಹೊಳೆದದ್ದು ನೀರು ಬೆರೆಸುವ ಉಪಾಯ. ಅಡುಗೆಮನೆಯ ನಲ್ಲಿ ರಾತ್ರಿಯ ಚಳಿಗೆ ಹೆಪ್ಪುಗಟ್ಟಿ ಕೂತಿತ್ತು. ಕೆಟಲಿನಲ್ಲಿ ತೊಟ್ಟು ನೀರಿಲ್ಲ. ಅವನು ಬೀದಿಗೆ ಬಂದು ಬಾಟಲಿಯ ಮುಚ್ಚಳ ತೆರೆದು, ಗೋಡೆಯ ಮೇಲಿನ ಹಿಮಕ್ಕೆ ಕೈ ಹಾಕಿದ.

“ಮೊಮೊಸೆ-ಸಾನ್! ಸಾರಿಗೆ ಐಸ್ ಹಾಕ್ಕೊಂಡು ಕುಡೀತೀರೇನು?”

ಎದುರುಮನೆಯ ಒಗುಚಿ ಮೇಷ್ಟ್ರು. ನಿವೃತ್ತರಾದ ಮೇಲೆ ಸೊಂಟಕ್ಕೆ ಹೆಜ್ಜೆ ಎಣಿಸುವ ಯಂತ್ರ ಸಿಕ್ಕಿಸಿಕೊಂಡವರು. ನಿಂತು ಮಾತಾಡಿದರೆ ಹೆಜ್ಜೆ ನಷ್ಟವೆಂದು ನಿಂತಲ್ಲೇ ಕವಾಯತು ಮಾಡುತ್ತಾ ಮಾತಾಡುತ್ತಾರೆ.

“ಇಲ್ಲ ಮೇಷ್ಟ್ರೇ, ಬಿಸಿ ಇತ್ತು, ಕೈ ಸುಡ್ತಿತ್ತು.”

“ಹಾಗೆಲ್ಲ ಮುಚ್ಚಳ ತೆಗೀಬಾರ್ದು. ಅಳತೆ ಕೆಡುತ್ತೆ. ನಡೀರಿ, ನಾನೂ ಅಲ್ಲಿಗೇ ಹೊರಟಿದ್ದೀನಿ.”

ಕುನಿಯೊ ಮುಚ್ಚಳ ಮುಚ್ಚಬೇಕಾಯಿತು. ಮೇಷ್ಟ್ರು ಪಕ್ಕದಲ್ಲೇ ಹೆಜ್ಜೆ ಹಾಕತೊಡಗಿದರು. ಹತ್ತು ಮಾರು ಹೋದ ಮೇಲೆ ಕುನಿಯೊ ಮಂಜಿನ ಮೇಲೆ ಜಾರಿದವನ ಹಾಗೆ ನಟಿಸಿ ಬಾಟಲಿಯನ್ನು ಕೈಬಿಟ್ಟ. ನಟನೆಗೆ ಜಾರಲು ಹೋಗಿ ನಿಜವಾಗಿಯೇ ಜಾರಿ ಅವನು ಧೊಪ್ಪೆಂದು ಬಿದ್ದ. ಬಾಟಲಿ ಮಾತ್ರ ಹಿಮದ ಮೇಲೆ ಎರಡು ಸಲ ಪುಟಿದು ಮೇಷ್ಟ್ರ ಕೈಗೆ ಹೋಗಿ ಕೂತಿತು.

“ಒಂದು ಹನಿನೂ ಚೆಲ್ಲಿಲ್ಲ! ನಿಮ್ಮ ಪುಣ್ಯ” ಎಂದು ಮೇಷ್ಟ್ರು ಅದನ್ನು ಅವನಿಗೇ ಕೊಟ್ಟರು.

ಕುನಿಯೊ ಸೊಂಟ ಹಿಡಿದುಕೊಂಡು ಏಳುತ್ತಿರುವಾಗ ಕಿಟಕಿ ತೆರೆದ ಸದ್ದಾಯಿತು.

“ಕುನಿ-ಚಾನ್! ಬಾ ಇಲ್ಲಿ.”

ಅವನನ್ನು ಈ ವಯಸ್ಸಿನಲ್ಲೂ ಎಳೆಮಗುವಿನ ಹಾಗೆ ಕರೆಯುವವರು ಕರಸಾವ ಅಜ್ಜಿಯೊಬ್ಬರೇ. ಅವರ ಗಂಡ ಹನ್ನೊಂದು ವರ್ಷದ ಹಿಂದೆ ತಲೆಯ ರಕ್ತನಾಳ ಒಡೆದು ತೀರಿಕೊಂಡಿದ್ದರು. ಅಂದಿನಿಂದ ಅಜ್ಜಿ ಉಪ್ಪಿನ ಕಡುವೈರಿ. ಯಾರ ಮನೆಯಲ್ಲಿ ಸೋಯಾ ಸಾಸಿನ ಬಾಟಲಿ ಬೇಗ ಖಾಲಿಯಾಗುತ್ತದೆ ಎಂದು ಕಸದ ದಿನ ನೋಡಿ ಹೇಳಬಲ್ಲವರು.

“ಮಂಡಿ ನೋವಪ್ಪ, ಈ ಹಿಮದಲ್ಲಿ ಬರಕ್ಕಾಗಲ್ಲ. ನನ್ನದೂ ತಗೊಂಡು ಹೋಗ್ತೀಯಾ?” ಎಂದು ಒಂದು ಬಾಟಲಿ ಚಾಚಿದರು. ಮುಚ್ಚಳದ ಮೇಲೆ ಹನ್ನೆರಡು. “ಅಯ್ಯೋ, ನಿಂದ್ರಲ್ಲಿ ಈರುಳ್ಳಿ ಸೊಪ್ಪಿದೆಯಾ? ನಂಗಂತೂ ಆ ವಾಸನೆನೇ ಆಗಲ್ಲ. ನಿಮ್ಮಮ್ಮನೂ ಹಾಗೇ, ಹೂವಿನ ಹಾಗೆ ಉದುರಿಸೋಳು.”

ಕುನಿಯೊಗೆ ಕೈಯಲ್ಲಿರುವುದು ಬಾಟಲಿಯಲ್ಲ, ಪೀಪಾಯಿಯ ಪ್ರಾಣ ಎನ್ನಿಸಿತು. “ಮೇಷ್ಟ್ರೇ, ನೀವು ಮುಂದೆ ಹೋಗಿ, ನನಗೆ ಸೊಂಟ ಹಿಡಿದಿದೆ, ನಿಧಾನಕ್ಕೆ ಬರ್ತೀನಿ” ಎಂದು ಅವರನ್ನು ಸಾಗಹಾಕಿ, ಬೆಂಕಿ ಆರಿಸುವ ಪಂಪಿನ ಷೆಡ್ಡಿನ ಹಿಂದಕ್ಕೆ ಸರಿದ. ಎರಡೂ ಮುಚ್ಚಳ ತಿರುಗಿಸಿದ. ಏಳು ಅತ್ತ, ಹನ್ನೆರಡು ಇತ್ತ. ಅಜ್ಜಿಯ ಸಾರು ಹೇಗಿರಬಹುದು ಎಂದು ಬೆರಳ ತುದಿ ಅದ್ದಿ ನಾಲಿಗೆಯ ಹತ್ತಿರ ತಂದ. ಆ ಬೆರಳು ನಾಲಿಗೆ ಮುಟ್ಟಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು.

“ಇನ್ನೂ ಇಲ್ಲೇ ಇದ್ದೀರಾ?” ಮೇಷ್ಟ್ರು ಷೆಡ್ಡಿನ ಮೂಲೆಯಿಂದ ಕವಾಯತು ಮಾಡುತ್ತಾ ಬಂದರು. “ನೇರ ದಾರಿಯಲ್ಲಿ ಹೆಜ್ಜೆ ಕಡಿಮೆ ಬೀಳ್ತವೆ, ಅದಕ್ಕೇ ಸುತ್ತು ಹಾಕ್ತಿದ್ದೀನಿ.”

ಕುನಿಯೊ ಮುಚ್ಚಳಗಳನ್ನು ಅದಲುಬದಲಾಗಿಯೇ ಬಿಗಿದು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಭವನದಲ್ಲಿ ಬಾಟಲಿಗಳು ಸಾಲಾಗಿ ನಿಂತಿದ್ದವು. ಯಾರಿಗೂ ಮುಜುಗರವಾಗದಿರಲಿ ಎಂದು ಹೆಸರಿನ ಬದಲು ಅಂಕಿ ಹಾಕಿದ್ದರು. ಆದರೆ ಅದು ಕೇರಿಯ ಸುತ್ತೋಲೆ ಮನೆಯಿಂದ ಮನೆಗೆ ಹೋಗುವ ಸರದಿಯ ಅಂಕಿ, ಹಾಲುಗೂಸಿಗೂ ಬಾಯಿಪಾಠ. ಪುರಸಭೆಯ ಆರೋಗ್ಯ ನರ್ಸ್ ಹನಾವೊಕ ಉಪ್ಪಳೆಯುವ ಕಡ್ಡಿಯನ್ನು ಒಂದೊಂದಕ್ಕೂ ಅದ್ದಿ ಅಂಕಿ ಹೇಳುತ್ತಿದ್ದಳು. ಸಚಿಯೆ ಬಾಟಲಿ ಎತ್ತಿ ಕೊಡುತ್ತಿದ್ದಳು. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರು, ಬರೆಯುವಾಗಲೂ ಕಾಲು ನಿಂತಿರಲಿಲ್ಲ.

“ಆರು... ಪಾಯಿಂಟ್ ಒಂಬತ್ತು. ಏಳು...”

ಕುನಿಯೊ ಎದೆ ಸೆಟೆಸಿ ಕೂತ.

ನರ್ಸ್ ಕಡ್ಡಿಯನ್ನು ತೆಗೆದು ಒರೆಸಿ ಮತ್ತೆ ಅದ್ದಿದಳು. “ಏಳು... ಕ್ಷಮಿಸಿ, ಒಂದು ಪಾಯಿಂಟ್ ಆರು.”

ಮೇಷ್ಟ್ರ ಕಾಲು ನಿಂತಿತು. ಎಲ್ಲರ ಕಣ್ಣು ಸಚಿಯೆಯ ಮೇಲೆ. ಸಚಿಯೆಯ ಕಣ್ಣು ಗಂಡನ ಮೇಲೆ. ಕುನಿಯೊನ ಕಣ್ಣು ಚಾವಣಿಯ ಮೇಲೆ.

“ಹನ್ನೆರಡು... ಪಾಯಿಂಟ್ ಏಳು! ಇದುವರೆಗೆ ಇದೇ ಕಡಿಮೆ.”

“ಕರಸಾವ ಅಜ್ಜಿ ಅಂದ್ರೆ ಸುಮ್ನೇನಾ?” ಎಂದು ಹಿಂದಿನಿಂದ ಯಾರೋ ಅಂದರು. ಚಪ್ಪಾಳೆ ಬಿತ್ತು. ಕುನಿಯೊ ಈ ಸಲವೂ ತಟ್ಟಬೇಕಾಯಿತು.

ಹನ್ನೆರಡನೇ ಬಾಟಲಿಯನ್ನು ಸಚಿಯೆ ಒಂದು ಗಳಿಗೆ ಕೈಯಲ್ಲೇ ಹಿಡಿದು ನೋಡಿ, ಕೆಳಗಿಟ್ಟಳು. ಕೊನೆಯವರೆಗೂ ಅದಕ್ಕಿಂತ ಕಡಿಮೆ ಯಾವ ಬಾಟಲಿಯಲ್ಲೂ ಬರಲಿಲ್ಲ. ಆಮೇಲೆ ಅವಳು, “ಕೊಟ್ಟ ಮಾತು ಕೊಟ್ಟದ್ದೇ” ಎಂದಳು.

ಮಧ್ಯಾಹ್ನ ಕುನಿಯೊ ಪೀಪಾಯಿಯನ್ನು ಮೊಮ್ಮಗಳ ಹಿಮದ ಬಂಡಿಗೆ ಹಗ್ಗ ಹಾಕಿ ಕಟ್ಟಿ ಅಜ್ಜಿಯ ಮನೆಗೆ ಎಳೆದ. ತಬ್ಬಲಿ ಕರುವನ್ನು ಸಂತೆಗೆ ಹೊಡೆದುಕೊಂಡು ಹೋಗುವವನ ಮುಖವಿತ್ತು ಅವನದು. ಅಜ್ಜಿ ಪೀಪಾಯಿಯನ್ನು ನೋಡಿ ಬಾಯಿ ತೆರೆದು ತೋರಿಸಿದರು.

“ಈ ಕಟ್ಟಿಸಿದ ಹಲ್ಲಲ್ಲಿ ನೊಜಾವಾನಾ ಅಗಿಯಕ್ಕಾಗುತ್ತೇನೋ ಮಗಾ? ಒಂದು ಕೆಲಸ ಮಾಡು. ಮನೆಗೊಂದು ಹಿಡಿ ಹಂಚಿಬಿಡು. ಒಂದು ಹಿಡಿಯಿಂದ ಯಾರಿಗೂ ಕೇಡಿಲ್ಲ. ಹೊರಡೋ ಮುಂಚೆ ಒಳಗೆ ಬಾ, ಸಾರು ಕುಡಿ. ಅಷ್ಟು ದೂರ ಎಳ್ಕೊಂಡು ಬಂದಿದ್ದೀಯ.”

ಸೀಮೆಎಣ್ಣೆ ಒಲೆಯ ಮೇಲೆ ಪುಟ್ಟ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಕುನಿಯೊ ಒಂದು ಗುಟುಕು ಕುಡಿದ. ನಾಲಿಗೆ ಒಣದ್ರಾಕ್ಷಿಯ ಹಾಗೆ ಮುದುಡಿಕೊಂಡಿತು.

“ಅಜ್ಜೀ, ಇದು... ಯಾವತ್ತು ಮಾಡಿದ್ದು?”

“ಗುರುವಾರ. ಒಬ್ಬಳಿಗೆ ದಿನಾ ಏನು ಮಾಡೋದು? ಒಂದು ಸಲ ಮಾಡಿದ್ದನ್ನೇ ಕಾಯಿಸಿ ಕಾಯಿಸಿ ಕುಡೀತೀನಿ. ನೀರು ಹಾಕ್ದಂಗೆ ಸಪ್ಪೆ ಅಲ್ವಾ? ನನಗಂತೂ ಏನೂ ಗೊತ್ತಾಗಲ್ಲ. ಪಾಯಿಂಟ್ ಏಳು ಬಂತಂತಲ್ಲ!” ಅಜ್ಜಿ ನಕ್ಕರು. ಗೋಡೆಯ ಮೇಲಿನ ಫೋಟೋದಲ್ಲಿ ಅವರ ಗಂಡ ನಗುತ್ತಿರಲಿಲ್ಲ.

ಕುನಿಯೊ ಬಟ್ಟಲನ್ನು ಖಾಲಿ ಮಾಡಿದ. ಅವರಿಗೆ ಉಳಿಯದಿರಲಿ ಎಂದು ಇನ್ನೊಂದು ಬಟ್ಟಲು ಕೇಳಿ ಅದನ್ನೂ ಕುಡಿದ. ಆಮೇಲೆ ಉಳಿದ ಇಪ್ಪತ್ತಾರು ಬಾಗಿಲು ತಟ್ಟಿ, ಒಂದೊಂದು ಹಿಡಿ ಸೊಪ್ಪು ಕೊಟ್ಟು, ಒಂದೊಂದು ಹಿಡಿ ಬುದ್ಧಿವಾದ ಪಡೆದ. ಮೇಷ್ಟ್ರು ಉದ್ದಕ್ಕೂ ಜೊತೆಗೆ ಬಂದರು. ಅವರಿಗೆ ಆ ದಿನ ಹನ್ನೊಂದು ಸಾವಿರ ಹೆಜ್ಜೆ ಬಿತ್ತು. ಕತ್ತಲಾಗುವ ಹೊತ್ತಿಗೆ ಕುನಿಯೊ ಖಾಲಿ ಪೀಪಾಯಿ ಮತ್ತು ಅಮ್ಮನ ಕಲ್ಲಿನೊಡನೆ ಮನೆಗೆ ಬಂದು ಒಂದು ತಂಬಿಗೆ ನೀರು ಕುಡಿದ.

ಸಚಿಯೆ ಬಟ್ಟೆ ಮಡಚುತ್ತಿದ್ದಳು.

“ಇವತ್ತು ಎಷ್ಟು ಚಮಚ ಹಾಕಿದ್ರಿ?”

ಅವನಿಗೆ ನೀರು ನೆತ್ತಿಗೇರಿತು. “ಏನು ಚಮಚ?”

“ಆಗಸ್ಟ್‌ನಿಂದ ನೀವು ದಿನಾ ಒಂದು ಚಮಚ ಹಾಕ್ತಿದ್ದೀರಿ. ಅದಕ್ಕೇ ನಾನು ಒಂದೂವರೆ ಕಡಿಮೆ ಹಾಕಿ ಮಾಡ್ತಿದ್ದೆ. ನೀವು ಕೆಲಸಕ್ಕೆ ಹೋದ್ಮೇಲೆ ಕಡ್ಡಿ ಅದ್ದಿ ನೋಡ್ತಿದ್ದೆ, ದಿನಾ ಪಾಯಿಂಟ್ ಏಳೇ. ಗಂಟೆ ಬಾರಿಸಿ ಆದ್ಮೇಲೂ, ನಿಮಗೆ ಕಲಕಕ್ಕೆ ಸಮಯ ಸಿಗ್ಲಿ ಅಂತ ಸುಮ್ನೆ ಕೂತಿರ್ತಿದ್ದೆ. ಇವತ್ತು ಒಂದು ಪಾಯಿಂಟ್ ಆರು ಹೇಗೆ ಬಂತು?”

ನೂರ ಮೂವತ್ತಾರು ಎಲ್ಲಿಂದ ಬಂತು ಎಂದು ಕುನಿಯೊಗೆ ಆಗ ಹೊಳೆಯಿತು. ಕಾಫಿ ಯಂತ್ರದವರೆಗಿನ ವಾಕಿಂಗ್‌ನಿಂದಲ್ಲ. ತನ್ನ ಬಾಟಲಿಯನ್ನು ಮುಟ್ಟದೆ ತಂದಿದ್ದರೆ ಪೀಪಾಯಿ ಹಿತ್ತಿಲಲ್ಲೇ ಇರುತ್ತಿತ್ತು. ಒಂದು ಚಮಚ ಎಂದು ನಿಜ ಹೇಳಿದರೆ ಮುಚ್ಚಳ ಬದಲಿಸಿದ್ದನ್ನೂ ಹೇಳಬೇಕು. ಒಂಟಿ ಮುದುಕಿಯ ಬಾಟಲಿ ಕದ್ದವನು ಎನ್ನಿಸಿಕೊಳ್ಳಬೇಕು.

“ಮೂರು” ಎಂದ.

“ಮೂರಾ?”

“ಹೂಂ. ಮೂರು.” ಅವನು ತಂಬಿಗೆಯನ್ನು ಕೆಳಗಿಟ್ಟ. “ಅಂದ ಹಾಗೆ, ಕರಸಾವ ಅಜ್ಜಿ ಒಬ್ಬರೇ ಇರ್ತಾರಲ್ಲ. ದಿನಾ ಬೆಳಿಗ್ಗೆ ನಮ್ಮ ಸಾರೇ ಒಂದು ಬಟ್ಟಲು ಕಳಿಸಿದ್ರೆ ಹೇಗೆ?”

ಸಚಿಯೆ ಅವನನ್ನು ಒಂದು ಗಳಿಗೆ ನೋಡಿದಳು. “ಒಳ್ಳೇದೇ. ನೀವೇ ತಗೊಂಡು ಹೋಗಿ” ಎಂದು ಮತ್ತೆ ಬಟ್ಟೆ ಮಡಚತೊಡಗಿದಳು.

ಮರುದಿನ ಬೆಳಿಗ್ಗೆ ಒಳಕೋಣೆಯ ಗಂಟೆ ಮೂರು ಸಲ ಟಿಂಗ್ ಎಂದಿತು. ಕುನಿಯೊ ಪಾತ್ರೆಯ ಮುಚ್ಚಳ ತೆಗೆದ. ಬರೀ ಬಿಸಿನೀರಿನಲ್ಲಿ ತೋಫು ತೇಲುತ್ತಿತ್ತು. ಮಿಸೊ ಡಬ್ಬಿ ತೆರೆದ. ಅವನ ಚಮಚ ಇರಲಿಲ್ಲ. ಅದರ ಜಾಗದಲ್ಲಿ ಸಾಸಿವೆ ತೆಗೆಯುವ ಚಮಚವಿತ್ತು, ಕಿರುಬೆರಳ ಉಗುರಿನಷ್ಟು.

“ಮೂರು ಹಾಕಿ, ಪರವಾಗಿಲ್ಲ” ಎಂದಳು ಸಚಿಯೆ ಒಳಗಿನಿಂದಲೇ. ಆಮೇಲೆ ಬಂದು ಮುಚ್ಚಿದ ಬಟ್ಟಲೊಂದನ್ನು ಅವನ ಕೈಗಿಟ್ಟಳು. “ಇದು ಅಜ್ಜಿಗೆ, ಬೇರೆ ಮಾಡಿದ್ದೀನಿ. ಒಂದೇ ಸಲ ಉಪ್ಪು ಇಳಿಸಿದ್ರೆ ಅವರಿಗೆ ಗೊತ್ತಾಗ್ಬಿಡುತ್ತೆ. ಇಷ್ಟಿಷ್ಟೇ ಇಳಿಸ್ಬೇಕು. ಆರು ತಿಂಗಳು ಬೇಕು, ನಿಮಗೂ ಅಷ್ಟೇ ಬೇಕಾಯ್ತು. ಈರುಳ್ಳಿ ಸೊಪ್ಪು ಹಾಕಿಲ್ಲ.”

ಕುನಿಯೊ ಬಟ್ಟಲು ಹಿಡಿದು ಬಾಗಿಲಿನತ್ತ ತಿರುಗಿದ.

“ನೆನ್ನೆ ಹನ್ನೆರಡನೇ ಬಾಟಲಿಯಲ್ಲಿತ್ತು” ಎಂದಳು ಅವಳು, ಒಲೆ ಒರೆಸುತ್ತಾ.

“ಗೊತ್ತಿತ್ತಾ? ಹಾಗಾದ್ರೆ... ಪೀಪಾಯಿ?”

“ಹಂಚಿದ್ದನ್ನ ಹೋಗಿ ವಾಪಸ್ ಕೇಳಕ್ಕಾಗುತ್ತೇನ್ರಿ? ಹೊರಡಿ, ಆರಿಹೋಗುತ್ತೆ.”

ಅವನು ಬೀದಿಗೆ ಇಳಿದ. ಎದುರುಮನೆಯ ಕಿಟಕಿ ತೆರೆದಿತ್ತು. ಒಳಗೆ ಒಗುಚಿ ಮೇಷ್ಟ್ರು ನಿಂತಲ್ಲೇ ಕವಾಯತು ಮಾಡುತ್ತಾ ಬೆಳಗಿನ ಊಟ ಮಾಡುತ್ತಿದ್ದರು. ಕರುಂ ಕರುಂ ಸದ್ದು ಬೀದಿಯ ತುದಿಯವರೆಗೂ ಅವನ ಹಿಂದೆಯೇ ಬಂತು.