ಕುಂಕುಮ ನಿಲ್ಲದ ಕಾರು

ನಮ್ಮ ಮನೆಯಲ್ಲಿ ಎಂತ ಕೆಟ್ಟರೂ ಮೊದಲು ನನ್ನ ಹೆಸರು ಕೂಗುತ್ತಾರೆ, ಆಮೇಲೆ ಕೆಟ್ಟದ್ದು ಎಂತ ಅಂತ ನೋಡುತ್ತಾರೆ. ಹೆಚ್ಚಿನ ಸಲ ಅವರ ಅಂದಾಜು ಸರಿಯೇ ಇರುತ್ತದೆ. ಬೇಕಂತಲೇ ಮಾಡಿದ್ದಕ್ಕಿಂತ, ಒಳ್ಳೆಯದು ಮಾಡಲು ಹೋಗಿ ಆದ ಅನಾಹುತಗಳೇ ನನ್ನ ತಲೆಯ ಮೇಲೆ ಜಾಸ್ತಿ. ಹಾಗಂತ ಹೇಳಿದರೆ ನಂಬುವವರು, ಬಂಗಾಳಿಗಳ ನಡುವೆ ನಾವಿರುವ ಈ ಇಡೀ ಬಾಲಿಗಂಜ್ ಬಡಾವಣೆಯಲ್ಲಿ ಒಬ್ಬರೂ ಇಲ್ಲ.

ಅಪ್ಪ ಬ್ಯಾಂಕಿನವರು. ಇಪ್ಪತ್ತು ವರ್ಷ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಬಿಬಿಡಿ ಬಾಗಿನ ಆಫೀಸಿಗೆ ಹೋಗಿ ಬಂದವರು ಈ ವರ್ಷ ಒಂದು ಸೆಕೆಂಡ್‌ಹ್ಯಾಂಡ್ ಕಾರು ತಂದರು. ಕಪ್ಪು ಬಣ್ಣದ್ದು. "ಪೂಜೆಯಾಗದ ಗಾಡಿಯಲ್ಲಿ ನಾನು ಕೂರುವುದಿಲ್ಲ," ಅಂತ ಅಮ್ಮ ಅದೇ ದಿನ ಹೇಳಿಬಿಟ್ಟಳು. ಆಯುಧಪೂಜೆಗೆ ಮೂರು ವಾರ ಇತ್ತು.

ನಾನು ಹತ್ತನೇ ಕ್ಲಾಸು ಎರಡು ಸಲ ಬರೆದು, ಎರಡು ಸಲವೂ ಗಣಿತದ ಕೈಗೆ ಸಿಕ್ಕಿಬಿದ್ದು ಮನೆಯಲ್ಲಿ ಕೂತಿದ್ದವ. ಅಪ್ಪ ನನ್ನನ್ನು ಕರೆದು ಹೇಳಿದರು: "ಪೂಜೆಗೆ ನಮ್ಮ ಕನ್ನಡದವರೆಲ್ಲ ಗಾಡಿ ತರುತ್ತಾರೆ. ನಮಗೆ ಇದೇ ಮೊದಲು. ತೊಳೆದು, ಒಣಗಿಸಿ, ಫಳಫಳ ಮಾಡುವುದು ನಿನ್ನ ಕೆಲಸ. ಇದೊಂದನ್ನು ನೆಟ್ಟಗೆ ಮಾಡು ಮಾರಾಯ. ನಿನ್ನನ್ನು ನಂಬಬಹುದಾ ಇಲ್ಲವಾ ಅಂತ ನನಗೂ ಗೊತ್ತಾಗಲಿ."

ಹೂಂ ಅಂದೆ. ಮುಂದಿನದ್ದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

೧. ಅಪ್ಪನ ಬೈರಾಸು

ಮೊದಲ ಸಲ ತೊಳೆದದ್ದು ಮಧ್ಯಾಹ್ನದ ಬಿಸಿಲಿನಲ್ಲಿ. ಬಿಸಿಲಿದ್ದರೆ ಬೇಗ ಒಣಗುತ್ತದೆ ಅಂತ ನನ್ನ ತಲೆ. ಒಣಗಿತು ಸರಿ, ಆದರೆ ನಮ್ಮ ಬೋರ್‌ವೆಲ್ಲಿನ ನೀರು ಹೋಗುವಾಗ ಸುಮ್ಮನೆ ಹೋಗುವುದಿಲ್ಲ. ಒಂದೊಂದು ಹನಿ ಇದ್ದಲ್ಲಿಯೂ ಒಂದೊಂದು ಬಿಳಿ ಚುಕ್ಕೆ. ಕೆಳಗಿನ ಮನೆಯ ಬಂಗಾಳಿ ಮುದುಕರು, ನಾವು ಮೇಶೋ ಅಂತ ಕರೆಯುವವರು, ಪೇಪರ್ ಮಡಚಿ ಬಗ್ಗಿ ನೋಡಿ, "ಅಯ್ಯೋ, ಗಾಡಿಗೆ ಸಿಡುಬು ಎದ್ದಿದೆಯಲ್ಲೋ!" ಅಂದರು.

ನಾನು ಓಡಿಹೋಗಿ ಬಾಲ್ಕನಿಯಲ್ಲಿ ಕೈಗೆ ಸಿಕ್ಕಿದ ಬಟ್ಟೆ ತಂದು ಗಾಡಿ, ಚಕ್ರ ಎಲ್ಲ ಉಜ್ಜಿದೆ. ಅದು ಅಪ್ಪ ಸ್ನಾನಕ್ಕೆ ಒಯ್ಯುವ ಚೌಕುಳಿ ಬೈರಾಸು. ಕೆಲಸ ಮುಗಿದ ಮೇಲೆ ನೋಡಿದರೆ ಅರ್ಧ ಬೈರಾಸು ಕಪ್ಪು ಗ್ರೀಸು. ಗ್ರೀಸು ಒಳಗೆ ಬರುವ ಹಾಗೆ ಮಡಚಿ ಇದ್ದಲ್ಲೇ ಇಟ್ಟೆ.

ಮರುದಿನ ಬೆಳಿಗ್ಗೆ ಅಪ್ಪ ಬಚ್ಚಲಿನಿಂದ ಹೊರಗೆ ಬಂದರು. ಹಣೆ, ಕೆನ್ನೆ, ಮೂಗು, ಎಲ್ಲ ಕಡೆ ಕಪ್ಪು ಪಟ್ಟೆ. ಕನ್ನಡಕ ಇಲ್ಲದ ಕಾರಣ ಅವರಿಗೆ ಗೊತ್ತಿಲ್ಲ. ಅಮ್ಮ ಕಾಫಿ ಲೋಟ ಹಿಡಿದುಕೊಂಡು ಎರಡು ನಿಮಿಷ ನೋಡಿ ಕೇಳಿದಳು:

"ಇವತ್ತು ಬ್ಯಾಂಕಿಗೆ ಹೋಗುವುದಾ, ಯಕ್ಷಗಾನಕ್ಕಾ?"

೨. ಯಾವ ಬಾಟಲಿ?

ಇನ್ನು ಬಟ್ಟೆ ನಂಬಿ ಆಗುವುದಿಲ್ಲ, ಸ್ಪ್ರೇ ಬೇಕು ಅಂತ ಆಯಿತು. ಗಾಡಿ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯ ದಾದಾ, ಇಲ್ಲಿ ಅಣ್ಣ ಅನ್ನಲು ಹಾಗೆ, ನನ್ನ ಮುಂದೆ ಮೂರು ಬಾಟಲಿ ಸಾಲಾಗಿ ಇಟ್ಟ.

"ಇದು ಒದ್ದೆ ಗಾಡಿಯ ಮೇಲೆ ಹೊಡೆದು ಒರೆಸುವುದು. ನೀರೂ ಹೋಗುತ್ತದೆ, ಹೊಳಪೂ ಬರುತ್ತದೆ. ಇದು ಗಾಡಿ ಪೂರ್ತಿ ಒಣಗಿದ ಮೇಲೆ ಹೊಡೆಯುವುದು. ಇದು ಟೈರಿಗೆ ಮಾತ್ರ. ನಿನಗೆ ಯಾವುದು?"

ಬಾಟಲಿಯ ಹಿಂದೆ ಇರುವೆ ಸಾಲಿನ ಹಾಗೆ ಇಂಗ್ಲಿಷು. ಓದಲು ಬರುವುದಿಲ್ಲ ಅಂತ ತೋರಿಸಿಕೊಳ್ಳಬಾರದಲ್ಲ. ಹುಬ್ಬು ಗಂಟಿಕ್ಕಿ, ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಒಂದೊಂದೇ ಮೂಸಿದೆ.

"ಮಾವಿನಹಣ್ಣಿನ ವಾಸನೆ ಇರುವುದು ಕೊಡಿ," ಅಂದೆ.

ದಾದಾ ಹಣೆ ಚಚ್ಚಿಕೊಂಡ. ಪುಣ್ಯಕ್ಕೆ ಅದೇ ಒದ್ದೆ ಗಾಡಿಯದ್ದು. ಗೋಡೆಗೆ ನೇತುಹಾಕಿದ್ದ ಹಳೆಯ ಕಾರಿನ ಬಾಗಿಲಿಗೆ ನೀರು ಎರಚಿ, ಪುಸ್ ಪುಸ್ ಅಂತ ಎರಡು ಸಲ ಹೊಡೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ತೋರಿಸಿದ. ಬಾಗಿಲಲ್ಲಿ ನನ್ನ ಹಲ್ಲು ಎಣಿಸಬಹುದಿತ್ತು. "ನೆರಳಿನಲ್ಲಿ ಮಾಡು. ಒಂದು ಬಾಗಿಲಿಗೆ ಎರಡೇ ಸಲ. ಜಾಸ್ತಿ ಹೊಡೆದರೆ ಆಮೇಲೆ ನನ್ನ ಹತ್ತಿರ ಬರಬೇಡ."

"ಎಲ್ಲ ಓದಿದ್ದೇನೆ ದಾದಾ," ಅಂದೆ.

"ಹೌದಾ? ಆಗಿನಿಂದ ತಲೆಕೆಳಗೆ ಹಿಡಿದುಕೊಂಡಿದ್ದೀಯಲ್ಲ, ಅದಕ್ಕೆ ಕೇಳಿದೆ."

೩. ರೋಕಿನ ಮೇಲೆ ಮೂವರು

ನಮ್ಮ ಬಿಲ್ಡಿಂಗಿನ ಮುಂದೆ ಒಂದು ಸಿಮೆಂಟಿನ ಜಗಲಿ ಇದೆ. ಇಲ್ಲಿಯವರು ರೋಕ್ ಅನ್ನುತ್ತಾರೆ. ಸಂಜೆಯಾದರೆ ಮೇಶೋ ಮತ್ತು ಅವರ ಇಬ್ಬರು ಗೆಳೆಯರು ಅಲ್ಲಿ ಕೂತು ದೇಶ ಹೇಗೆ ಹಾಳಾಯಿತು ಅಂತ ಮಾತಾಡುತ್ತಾರೆ. ಐವತ್ತು ವರ್ಷ ಜನ ಕೂತು ಕೂತು ಅದು ಮೊದಲೇ ಕನ್ನಡಿ. ಸ್ಪ್ರೇ ಎಷ್ಟು ಚೆನ್ನಾಗಿದೆ ಅಂತ ಪರೀಕ್ಷೆ ಮಾಡಲು ನನಗೆ ಅದೇ ಕಾಣಬೇಕಾ? ಪರೀಕ್ಷೆ ಅನ್ನುವುದು ಸುಳ್ಳು. ಎಂತ ಆಗುತ್ತದೆ ಅಂತ ನನಗೆ ಗೊತ್ತಿತ್ತು. ಹೊಡೆದು, ಒರೆಸಿ, ಮೆಟ್ಟಿಲ ಹಿಂದೆ ಅಡಗಿದೆ.

ಮೊದಲನೆಯವರು ಕೂತರು, ಹಾಗೇ ಜಾರಿ ಕೆಳಗೆ ಕುಕ್ಕರಗಾಲಲ್ಲಿ ಕೂತರು. ಚಪ್ಪಲಿ ಸರಿಮಾಡಲು ಬಗ್ಗಿದವರ ಹಾಗೆ ನಟಿಸಿ ಎದ್ದರು. ಎರಡನೆಯವರು ಜಾರಿ, ಏನೋ ಬಿತ್ತು ಅಂತ ಹುಡುಕಿದರು. ಕೊನೆಗೆ ಮೇಶೋ. ಅವರೂ ಜಾರಿದರು, ಆದರೆ ನಟಿಸಲಿಲ್ಲ. ನೆಲದ ಮೇಲೆ ಕೂತು ಮೆಲ್ಲಗೆ, "ನನಗೆ ವಯಸ್ಸಾಯಿತು," ಅಂದರು. ಉಳಿದ ಇಬ್ಬರೂ, "ನನಗೂ," "ನನಗೂ," ಅಂದರು.

ನಗಲು ಅಂತ ಅಡಗಿದ್ದವ ನಗದೆಯೇ ಎದ್ದುಹೋದೆ. ರಾತ್ರೋರಾತ್ರಿ ಸೋಪು ಹಾಕಿ ರೋಕ್ ತೊಳೆದೆ. ಇನ್ನೂ ಜಾರಿತು. ಬೂದಿ ಹಾಕಿ ತಿಕ್ಕಿದ ಮೇಲೆ ಸರಿಯಾಯಿತು. ಅಷ್ಟರಲ್ಲಿ ಮೇಶೋ ತಲೆಸುತ್ತು ಅಂತ ಡಾಕ್ಟರ ಹತ್ತಿರ ಹೋಗಿ ಬಂದಿದ್ದರು. ಡಾಕ್ಟರಿಗೂ ಎಂತ ಅಂತ ಗೊತ್ತಾಗಲಿಲ್ಲವಂತೆ.

ಅಂದಿನಿಂದ ಸಂಜೆ ಐದಕ್ಕೆ ಮೇಶೋ ಕೆಳಗಿನಿಂದ ಕೂಗುತ್ತಾರೆ. ನಾನು ಹೋಗಿ ಕೈ ಹಿಡಿದು ರೋಕಿನ ಮೇಲೆ ಕೂರಿಸುತ್ತೇನೆ. ನಿಜ ಹೇಳಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ, ಆಗಿಲ್ಲ. ಮೊನ್ನೆ ಅಪ್ಪನನ್ನು ನಿಲ್ಲಿಸಿ ಮೇಶೋ ಹೇಳಿದರು:

"ಬಂಗಾರದಂಥ ಮಗ ನಿಮ್ಮದು. ಇವನಿಲ್ಲದಿದ್ದರೆ ನಾನು ದಿನಾ ಬೀಳುತ್ತಿದ್ದೆ."

೪. ಕಾವಲಿ

ಅಮ್ಮನ ನೀರುದೋಸೆ ಆ ವಾರ ಕಾವಲಿ ಬಿಟ್ಟು ಏಳುತ್ತಿರಲಿಲ್ಲ. ನನ್ನ ಕೈಯಲ್ಲಿ ಬಾಟಲಿ ನೋಡಿ ಕೇಳಿದಳು: "ಇದು ಹಾಕಿದರೆ ಎಂತದೂ ಅಂಟುವುದಿಲ್ಲವಾ?"

"ಎಂತದೂ ಅಂಟುವುದಿಲ್ಲ," ಅಂದೆ, ತಮಾಷೆಗೆ.

ಐದು ನಿಮಿಷ ಬಿಟ್ಟು ಬಂದರೆ ಅಮ್ಮ ಬಿಸಿ ಕಾವಲಿಯ ಮೇಲೆ ಬಾಟಲಿ ಹಿಡಿದು ನಿಂತಿದ್ದಾಳೆ! ಹಾರಿ ಕಸಿದುಕೊಂಡೆ. ಹಿಟ್ಟಿನ ಪಾತ್ರೆ ಮಗುಚಿ ಅಡುಗೆಮನೆ ತುಂಬ ನೀರುದೋಸೆ. "ನೀನೇ ಹೇಳಿದ್ದಲ್ಲವಾ?" ಅಂದಳು. ನಾನು ಹೇಳಿದ್ದನ್ನು ನಂಬುವ ಒಂದೇ ಒಂದು ಜೀವ ಈ ಮನೆಯಲ್ಲಿದೆ, ಅದಕ್ಕೂ ಹೀಗೆ ಮಾಡಿದೆನಲ್ಲ ಅಂತ ನಾಚಿಕೆಯಾಗಿ ನೆಲ ಒರೆಸಲು ಕೂತೆ.

"ಆ ಬಾಟಲಿಯದ್ದು ಸ್ವಲ್ಪ ಹಾಕಿ ಒರೆಸು," ಅಂದಳು ಅಮ್ಮ. "ನೆಲವಾದರೂ ಹೊಳೆಯಲಿ."

೫. ನವಮಿ

ನವಮಿಯ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಕಾರು ತೊಳೆದೆ. ನೆರಳು, ಮೆತ್ತನೆಯ ಬಟ್ಟೆ, ಎಲ್ಲ ದಾದಾ ಹೇಳಿದ ಹಾಗೆಯೇ. ಒಂದು ಬಾಗಿಲಿಗೆ ಎರಡು ಸಲ ಹೊಡೆದೆ. ಏನು ಹೊಳಪು! ಎರಡಕ್ಕೇ ಇಷ್ಟಾದರೆ ಇಪ್ಪತ್ತಕ್ಕೆ ಎಷ್ಟಾಗಬಹುದು? ನಾನು ಕಲಿತ ಗಣಿತ ಅಷ್ಟೇ. ಬಾಟಲಿ ಖಾಲಿಯಾಗುವವರೆಗೆ ಹೊಡೆದೆ.

ಪೂಜೆ ಅಲಿಪುರದ ಒಂದು ಕ್ವಾರ್ಟರ್ಸಿನ ಅಂಗಳದಲ್ಲಿ. ನಾಲ್ಕು ಕನ್ನಡದ ಸಂಸಾರ, ನಾಲ್ಕು ಗಾಡಿ. ಅಪ್ಪ ಮತ್ತು ನಾನು ಕಾರಿನಲ್ಲಿ, ಅಮ್ಮ ಹಠ ಬಿಡದೆ ಹಿಂದೆ ಟ್ಯಾಕ್ಸಿಯಲ್ಲಿ. ನಮ್ಮ ಕಾರು ನೋಡಿ ಎಲ್ಲರೂ ಬಾಯಿಬಿಟ್ಟರು. ಅಪ್ಪ ನನ್ನ ಬೆನ್ನಿನ ಮೇಲೆ ಒಂದು ಸಲ ಕೈಯಿಟ್ಟು ತೆಗೆದರು. ಹದಿನೇಳು ವರ್ಷದಲ್ಲಿ ಆ ಕೈ ಬೆನ್ನಿನ ಮೇಲೆ ಸದ್ದಿಲ್ಲದೆ ಬಿದ್ದದ್ದು ಅದೇ ಮೊದಲು.

ಭಟ್ರು ಅಂದರೆ ಅಪ್ಪನ ಬ್ಯಾಂಕಿನವರೇ. ಮಂತ್ರ ಬರುತ್ತದೆ ಅಂತ ವರ್ಷಕ್ಕೊಮ್ಮೆ ಪಂಚೆ ಉಡುತ್ತಾರೆ. ಅವರು ನಮ್ಮ ಬಾನೆಟ್ಟಿಗೆ ಗಂಧದ ಬೊಟ್ಟು ಇಟ್ಟರು. ಬೊಟ್ಟು ನಿಧಾನಕ್ಕೆ ಹೊರಟು, ಇಳಿದು, ನಂಬರ್ ಪ್ಲೇಟಿನ ಮೇಲೆ ಹೋಗಿ ನಿಂತಿತು. ಕುಂಕುಮ ಇಟ್ಟರು. ಅದೂ ಹಿಂದೆಯೇ ಹೋಯಿತು. ಚೆಂಡುಹೂವಿನ ಮಾಲೆಗೆ ಹಚ್ಚಿದ ಟೇಪು ಕಿತ್ತು ಬಂತು. ಕೊನೆಗೆ ಒಡೆಯಲೆಂದು ತಂದ ಬೂದುಗುಂಬಳವನ್ನು ಭಟ್ರು ಒಂದು ಗಳಿಗೆ ಬಾನೆಟ್ಟಿನ ಮೇಲೆ ಇಟ್ಟರು. ಅದು ಉರುಳಿ, ಮಂತ್ರಕ್ಕೆ ಕಾಯದೆ, ಅವರ ಕಾಲ ಬುಡದಲ್ಲಿ ತಾನೇ ಒಡೆಯಿತು.

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಹೊರಗೆ ಪೂಜೆಯ ಪೆಂಡಾಲಿನಲ್ಲಿ ಢಾಕ್ ಡೋಲು ಬಡಿಯುತ್ತಲೇ ಇತ್ತು.

"ಮುತ್ತೈದೆಯ ಕೈಯಲ್ಲಿ ಹಚ್ಚಿಸಿ ನೋಡಿ," ಅಂದರು ಆ ಕ್ವಾರ್ಟರ್ಸಿನ ಅಜ್ಜಿ. ಅಮ್ಮ ಹಚ್ಚಿದಳು. ನಿಲ್ಲಲಿಲ್ಲ.

"ಹಿಂದೆ ಇದು ಯಾರ ಗಾಡಿ?" ಅಂತ ಒಬ್ಬರು ಕೇಳಿದರು. "ಇದರಲ್ಲಿ ಎಂತದೋ ಆಗಿರಬೇಕು," ಅಂದರು ಇನ್ನೊಬ್ಬರು. ಅಮ್ಮನ ಕಣ್ಣು ತುಂಬಿತು. "ನಮಗೆ ಈ ಗಾಡಿ ಬೇಡ." ಅಪ್ಪ ಬಾನೆಟ್ಟು ಸವರಿದರು. ಅವರ ಕೈಯೂ ಜಾರಿತು. "ಆಯಿತು. ನಾಳೆಯೇ ಕೊಟ್ಟುಬಿಡುವ," ಅಂದರು. ನಾನು ಅಷ್ಟು ಸಣ್ಣ ದನಿಯಲ್ಲಿ ಅಪ್ಪ ಮಾತಾಡಿದ್ದು ಕೇಳಿರಲಿಲ್ಲ.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಾಡಿಯ ಮೇಲೆ ತಪ್ಪು ಹೋಗುತ್ತಿತ್ತು, ನಾನು ಬಚಾವು.

"ಅಪ್ಪ, ಗಾಡಿಯದ್ದು ತಪ್ಪಿಲ್ಲ. ನನ್ನದು," ಅಂದೆ. ಪಂಚಪಾತ್ರೆಯ ನೀರು ತೆಗೆದು ಬಾನೆಟ್ಟಿಗೆ ಎರಚಿದೆ. ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಮಣಿಯಾಗಿ ಓಡಿಹೋಯಿತು. "ಸ್ಪ್ರೇ ಹೊಡೆದಿದ್ದೇನೆ. ಏನೂ ನಿಲ್ಲುವುದಿಲ್ಲ."

"ಎಷ್ಟು ಹೊಡೆದಿ?"

"ಬಾಟಲಿ."

"ಬಾಟಲಿಯಲ್ಲಿ ಎಷ್ಟು?"

"ಬಾಟಲಿಯೇ ಅಪ್ಪ."

ನನಗೆ ಅಲ್ಲೇ ನೆಲದೊಳಗೆ ಇಳಿದುಹೋಗುವ ಅಂತ ಅನಿಸಿತು. ಅಜ್ಜಿ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಭಟ್ರೇ, ಗಾಡಿಗೆ ಹಚ್ಚಿದರೆ ನಿಲ್ಲುವುದಿಲ್ಲ ತಾನೆ? ಗಾಡಿಯ ಪರವಾಗಿ ಇವನಿಗೆ ಹಚ್ಚಿ. ಈ ಮುಖಕ್ಕೆ ಸೋಪು ತಾಗಿ ಎಷ್ಟು ದಿನವಾಯಿತೋ, ನಿಂತೇ ನಿಲ್ಲುತ್ತದೆ."

ಭಟ್ರಿಗೂ ಮನೆಗೆ ಹೋಗಿ ಊಟ ಮಾಡುವ ಅವಸರ. ನನ್ನನ್ನು ಕಾರಿನ ಮುಂದೆ ನಿಲ್ಲಿಸಿದರು. ಹಣೆಗೆ, ಎರಡು ಕೆನ್ನೆಗೆ, ಎರಡು ಮೊಣಕಾಲಿಗೆ ಗಂಧ, ಕುಂಕುಮ. ಕೊರಳಿಗೆ ಚೆಂಡುಹೂವು. ಆರತಿ ಎತ್ತಿದರು. ಒಂದೊಂದು ಕಾಲಿನ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟು, "ಹೂಂ, ಗಾಡಿ ಮುಂದೆ ಹೋಗಲಿ," ಅಂದರು. ನಾಲ್ಕು ಸಂಸಾರದ ಎದುರು ಬರಿಗಾಲಲ್ಲಿ ನಿಂಬೆಹಣ್ಣು ತುಳಿದೆ. ಯಾವುದೋ ಚಿಲ್ಟಾರಿ, "ಹಾರ್ನ್!" ಅಂತ ಕೂಗಿತು. ತಲೆ ತಗ್ಗಿಸಿಕೊಂಡೇ "ಪೋಂ" ಅಂದೆ.

ಅಮ್ಮ ಮೊದಲು ಸೆರಗು ಕಣ್ಣಿಗೆ ಒತ್ತಿಕೊಂಡಳು, ಆಮೇಲೆ ಬಾಯಿಗೆ. ನಗು ತಡೆಯಲಾಗದೆ, ಹೋಗಿ ಕಾರಿನ ಬಾಗಿಲು ತೆರೆದು ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು.

ಭಟ್ರು ನನ್ನ ನೆತ್ತಿಗೆ ಅಕ್ಷತೆ ಹಾಕಿ ಅಪ್ಪನ ಕಡೆ ತಿರುಗಿದರು. "ಎಲ್ಲ ಆಯಿತು. ಇದರ ಬ್ರೇಕು ಸರಿ ಉಂಟಾ?"

ಅಪ್ಪ ಬೂದುಗುಂಬಳದ ಚೂರು ಹೆಕ್ಕುತ್ತಾ ಹೇಳಿದರು:

"ಹದಿನೇಳು ವರ್ಷದಿಂದ ತುಳಿಯುತ್ತಾ ಇದ್ದೇನೆ ಭಟ್ರೇ. ಹಿಡಿದದ್ದು ಇವತ್ತೇ ಮೊದಲು."